ಹಿಂದಕ್ಕೆ ಓಡಿದ ಕುದುರೆ

ನಾನು ಚಿಕ್ಕವಳಿದ್ದಾಗ ಕುದುರೆಗಳಿಗೆ ಬಹಳ ಹೆದರುತ್ತಿದ್ದೆ. ಜಟಕಾ ಎಳೆಯುವ ಕುದುರೆಗಳಿಗಲ್ಲ. ಅವುಗಳ ಮೂತಿಗೆ ಹುಲ್ಲು ಹಿಡಿಯುವಷ್ಟು ಧೈರ್ಯ ನನಗಿತ್ತು. ನಾನು ಹೆದರುತ್ತಿದ್ದದ್ದು ಅಪ್ಪ ಬರೆಯುವ ಕುದುರೆಗಳಿಗೆ.

ಅಪ್ಪ ಲಾರಿಗಳ ಮೇಲೆ ಚಿತ್ರ ಬರೆಯುತ್ತಿದ್ದರು. ನಮ್ಮ ಮನೆ ಇದ್ದದ್ದು ರಾಜಾಜಿನಗರದಲ್ಲಿ, ಅಪ್ಪ ಕೆಲಸ ಮಾಡುವ ಶೆಡ್ಡು ಮಾಗಡಿ ರಸ್ತೆಯ ಟೋಲ್‌ಗೇಟಿನಿಂದ ಸ್ವಲ್ಪ ಮುಂದೆ. ಬರೀ ಇಂಜಿನ್ನು, ಚಕ್ರ, ಎರಡು ಉದ್ದನೆಯ ಕಬ್ಬಿಣದ ತೊಲೆ, ಇಷ್ಟೇ ಆಗಿ ಬರುತ್ತಿದ್ದ ಲಾರಿಗೆ ಅಲ್ಲಿ ಬಡಗಿಗಳು ಮರದ ಮೈ ಕಟ್ಟುತ್ತಿದ್ದರು. ಮೈ ಬಂದ ಮೇಲೆ ಬಣ್ಣ, ಬಣ್ಣ ಒಣಗಿದ ಮೇಲೆ ಅಪ್ಪ. ಶೆಡ್ಡಿನೊಳಗೆ ಕಾಲಿಟ್ಟರೆ ಮರದ ಹೊಟ್ಟು, ಸೀಮೆಎಣ್ಣೆ, ಬಿಸಿಲಿಗೆ ಕಾದ ತಗಡು ಎಲ್ಲದರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯುತ್ತಿತ್ತು. ಇವತ್ತಿಗೂ ಯಾರ ಮನೆಯಲ್ಲಾದರೂ ಕಿಟಕಿಗೆ ಪೇಂಟ್ ಹೊಡೆಯುತ್ತಿದ್ದರೆ ನಾನು ಒಂದು ಸಲ ತಿರುಗಿ ನೋಡುತ್ತೇನೆ, ಅಪ್ಪ ಇದ್ದಾರೇನೋ ಅಂತ.

ಲಾರಿಯ ಎರಡೂ ಪಕ್ಕದ ಹಲಗೆಗಳ ಮೇಲೆ ಅಪ್ಪ ಒಂದೊಂದು ಬಿಳಿ ಕುದುರೆ ಬರೆಯುತ್ತಿದ್ದರು. ಅವರ ಕುದುರೆಯ ಒಂದು ಕಾಲೂ ನೆಲಕ್ಕೆ ತಾಗುತ್ತಿರಲಿಲ್ಲ. ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿಕೊಂಡು ಹೊಟ್ಟೆ ಗಾಳಿಯಲ್ಲಿ ತೇಲುತ್ತಿತ್ತು. ಜೂಲು ಹಿಂದಕ್ಕೆ, ಬಾಲ ಹಿಂದಕ್ಕೆ, ಕೆಳಗಿನ ಹುಲ್ಲು ಕೂಡ ಹಿಂದಕ್ಕೇ ಬಾಗಿರುತ್ತಿತ್ತು. ಮೂತಿಯ ಮುಂದೆ ಮಾತ್ರ ಯಾವಾಗಲೂ ಒಂದು ಮೊಳ ಜಾಗ ಖಾಲಿ. ಅಲ್ಲೊಂದು ಹೂವು ಬರಿ ಅಪ್ಪ ಎಂದು ನಾನೊಮ್ಮೆ ಕೇಳಿದ್ದೆ.

“ಅಲ್ಲಿ ಹೂ ಇಟ್ರೆ ಕುದುರೆ ಮೇಯೋಕೆ ನಿಂತ್ಕೊಳುತ್ತೆ ಕಣೇ. ಓಡೋದಕ್ಕೆ ಜಾಗ ಬೇಡ್ವಾ?” ಎಂದಿದ್ದರು ಅಪ್ಪ.

ನನಗೆ ಹೆದರಿಕೆ ಹುಟ್ಟಿಸುತ್ತಿದ್ದದ್ದು ಆ ಖಾಲಿ ಜಾಗವೇ. ಕುದುರೆ ಇನ್ನೊಂದು ಚಣದಲ್ಲಿ ಅಲ್ಲಿರುತ್ತದೆ ಎಂದು ನನ್ನ ಕಣ್ಣಿಗೆ ಮೊದಲೇ ಗೊತ್ತಾಗಿಬಿಡುತ್ತಿತ್ತು. ಲಾರಿ ನಿಂತೇ ಇರುತ್ತಿತ್ತು, ಚಕ್ರಕ್ಕೆ ಕಲ್ಲು ಕೊಟ್ಟಿರುತ್ತಿದ್ದರು, ಆದರೂ ನಾನು ಅದರ ಪಕ್ಕ ನಡೆದು ಹೋಗುವಾಗ ಕುದುರೆಯೂ ನನ್ನ ಜೊತೆ ಬಂದಂತೆ ಅನ್ನಿಸಿ, ಕೊನೆಯ ನಾಲ್ಕು ಹೆಜ್ಜೆ ಓಡಿಬಿಡುತ್ತಿದ್ದೆ.

ಅಪ್ಪನದೊಂದು ಕಟ್ಟುನಿಟ್ಟು ಇತ್ತು. ಎಡಗಡೆಯ ಕುದುರೆಯಾಗಲಿ ಬಲಗಡೆಯ ಕುದುರೆಯಾಗಲಿ, ಮೂತಿ ಡ್ರೈವರ್ ಕೂರುವ ಕಡೆಗೇ ಇರಬೇಕು. ಲಾರಿ ಮುಂದಕ್ಕೆ ಹೋಗುವಾಗ ಕುದುರೆಯೂ ಮುಂದಕ್ಕೇ ಹೋಗಬೇಕು. ಒಂದು ಕುದುರೆ ಮುಂದಕ್ಕೆ ಇನ್ನೊಂದು ಹಿಂದಕ್ಕೆ ಓಡಿದರೆ ಏನಾಗುತ್ತದೆ ಎಂದು ಅಕ್ಕ ಕೇಳಿದ್ದಳು. “ಗಾಡಿಗೆ ಒಂದೆತ್ತು ಹಿಂಗೆ, ಇನ್ನೊಂದೆತ್ತು ಹಂಗೆ ಕಟ್ಟಿದ್ರೆ ಏನಾಗುತ್ತೆ? ಅದೇ ಆಗುತ್ತೆ” ಎಂದು ಅಪ್ಪ ನಕ್ಕಿದ್ದರು. ಅವರು ನಗುತ್ತಾ ಹೇಳಿದ್ದು ನನ್ನ ತಲೆಯಲ್ಲಿ ನಗುವಿಲ್ಲದೆ ಉಳಿದುಕೊಂಡಿತು.

ನನಗೆ ಒಂಬತ್ತು ವರ್ಷವಾಗಿದ್ದಾಗ ದಸರಾ ರಜೆಯಲ್ಲಿ ಹಾವೇರಿ ಕಡೆಯ ಯಜಮಾನರೊಬ್ಬರ ಲಾರಿ ಶೆಡ್ಡಿನಲ್ಲಿತ್ತು. ಹಣೆಯ ತುಂಬ ವಿಭೂತಿ, ದಪ್ಪ ಮೀಸೆ, ದೊಡ್ಡ ದನಿ. ಲಾರಿಯನ್ನು ಅವರೇ ಓಡಿಸುತ್ತಿದ್ದರು. ಅವರ ಹಿಂದಿನ ಲಾರಿ ಘಾಟಿಯ ತಿರುವಿನಲ್ಲಿ ಉರುಳಿಬಿದ್ದು ಎಡಗಾಲು ಮುರಿದಿತ್ತು. ನಡೆಯುವಾಗ ಕುಂಟುತ್ತಿದ್ದರು. ಆ ಕಾಲಿನ ಟಕ್ ಟಕ್ ಸದ್ದು ಕೇಳಿದರೆ ನಾನು ಬಣ್ಣದ ಡಬ್ಬಿಗಳ ಹಿಂದೆ ಸರಿದು ನಿಲ್ಲುತ್ತಿದ್ದೆ.

ಲಾರಿಯನ್ನು ಆಯುಧಪೂಜೆಯ ದಿನವೇ, ರಾಹುಕಾಲಕ್ಕೆ ಮುಂಚೆ, ಹೊರಗೆ ತೆಗೆಯಬೇಕೆಂದು ಅವರು ಹೇಳಿದ್ದರು. ಹಾಗಾಗಿ ಪೂಜೆಯ ದಿನ ಬೆಳಿಗ್ಗೆಯೇ ಅಪ್ಪ ನನ್ನನ್ನು ಸೈಕಲ್ಲಿನ ಬಾರಿನ ಮೇಲೆ, ಅಕ್ಕನನ್ನು ಹಿಂದಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೊರಟರು. ಅಕ್ಕನಿಗೆ ಹದಿಮೂರು. ಅವಳ ಮಡಿಲಲ್ಲಿ ಅಮ್ಮ ಕೊಟ್ಟ ಚಿತ್ರಾನ್ನದ ಡಬ್ಬಿ. ಶೆಡ್ಡಿನಲ್ಲಿ ಬಡಗಿಗಳು ಗರಗಸ, ಉಳಿ, ಸುತ್ತಿಗೆಗಳನ್ನೆಲ್ಲ ತೊಳೆದು ಒಂದು ಹಲಗೆಯ ಮೇಲೆ ಸಾಲಾಗಿ ಜೋಡಿಸುತ್ತಿದ್ದರು. ಅಪ್ಪನ ಬ್ರಷ್ಷುಗಳೂ ಅದೇ ಹಲಗೆಯಲ್ಲಿದ್ದವು. ಒಂದು ಸಲ ಕುಂಕುಮ ಇಟ್ಟರೆ ಮುಗಿಯಿತು, ಮಾರನೆಯ ದಿನದವರೆಗೆ ಯಾವ ಸಾಮಾನನ್ನೂ ಮುಟ್ಟುವ ಹಾಗಿರಲಿಲ್ಲ.

ಎಡಗಡೆಯ ಕುದುರೆ ಹಿಂದಿನ ದಿನವೇ ಮುಗಿದಿತ್ತು. ಬಲಗಡೆ ಮಾತ್ರ ಬಾಕಿ. ಆದರೆ ಅಪ್ಪ ಬೂದುಗುಂಬಳಕಾಯಿ, ಹೂವು ತರಲು ಪೇಟೆಗೆ ಹೋಗಬೇಕಿತ್ತು. ಅವರು ಒಂದು ಅಗಲವಾದ ಬ್ರಷ್ಷನ್ನು ಹಲಗೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು.

“ಹಾಳೆ ಹಾಕಿ ಚುಕ್ಕಿ ಎತ್ತು. ಆಮೇಲೆ ಒಳಗಡೆ ಬಿಳಿ ತುಂಬು. ಬಾಲ ಮುಟ್ಬೇಡ, ಕಣ್ಣು ಮುಟ್ಬೇಡ, ಅದು ನಾನು ಬಂದು ಮಾಡ್ತೀನಿ. ಹಾಳೆ ಮಗುಚಿ ಹಾಕ್ಬೇಕು, ನೆನಪಿರ್ಲಿ.”

ಆ ಹಾಳೆಯ ವಿಷಯ ಹೇಳಬೇಕು. ದಪ್ಪ ಕಾಗದದ ಮೇಲೆ ಕುದುರೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿರುತ್ತಿದ್ದರು. ಅದನ್ನು ಹಲಗೆಗೆ ಒತ್ತಿ ಹಿಡಿದು, ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ತೂತುಗಳ ಮೂಲಕ ಕಪ್ಪು ಚುಕ್ಕಿಗಳ ಕುದುರೆಯೊಂದು ಮೂಡುತ್ತಿತ್ತು. ಲಾರಿಯ ಇನ್ನೊಂದು ಪಕ್ಕಕ್ಕೆ ಅದೇ ಹಾಳೆಯನ್ನು ಮಗುಚಿ ಹಾಕಿದರೆ ಕುದುರೆ ಆ ಕಡೆಗೆ ತಿರುಗುತ್ತಿತ್ತು. ಅಷ್ಟೇ ಕೆಲಸ.

ನಾನು ಡ್ರಮ್ಮಿನ ಮೇಲೆ ಹತ್ತಿ ನಿಂತು ಹಾಳೆಯನ್ನು ಮಗುಚಿದೆ. ಹಲಗೆಗೆ ತಾಗಬೇಕಾದ ಮುಖವೆಲ್ಲ ಹಿಂದಿನ ದಿನದ ಇದ್ದಿಲು. ಎದುರಿಗೆ ಆಕಾಶದಂಥ ತಿಳಿ ನೀಲಿಯ ಹೊಸ ಹಲಗೆ. ಅಪ್ಪ ಎರಡು ದಿನ ಕೂತು ಕನ್ನಡಿಯ ಹಾಗೆ ಮಾಡಿದ್ದ ನೀಲಿ. ಈ ಮಸಿಯನ್ನು ಅದಕ್ಕೆ ಒತ್ತಿದರೆ ಕೊಳೆಯಾಗುವುದಿಲ್ಲವೇ? ಮಗುಚುವ ಮೊದಲು ಅಪ್ಪ ಹಾಳೆಯನ್ನು ಕೊಡವಿ ಬಟ್ಟೆಯಲ್ಲಿ ಒರೆಸುತ್ತಿದ್ದರು. ಅದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ. ಮಗುಚಲು ಹೇಳಿದ್ದು ಮಸಿಯನ್ನು ಹೊರಗೆ ಮಾಡಲಿಕ್ಕೇ ಇರಬೇಕು ಎಂದುಕೊಂಡೆ. ಅಪ್ಪನಿಗಿಂತ ಹೆಚ್ಚು ಜಾಗ್ರತೆ ನನಗೇ ಇದೆ ಎಂದು ಹೆಮ್ಮೆಯೂ ಆಯಿತು. ಹಾಳೆಯನ್ನು ಮತ್ತೆ ತಿರುಗಿಸಿ, ಶುಭ್ರವಾದ ಮುಖವನ್ನು ನೀಲಿಗೆ ಒತ್ತಿದೆ. ಮೂತಿಯ ಮುಂದೆ ಒಂದು ಮೊಳ ಜಾಗ ಬಿಡುವುದನ್ನೂ ಮರೆಯಲಿಲ್ಲ.

ಚುಕ್ಕಿಗಳು ಚೆನ್ನಾಗಿ ಎದ್ದವು. ಆ ಕಡೆಯ ಕುದುರೆ ನನ್ನ ಎಡಗೈ ಕಡೆಗೆ ಓಡುತ್ತಿತ್ತು. ಇದೂ ಎಡಗೈ ಕಡೆಗೇ ಓಡಿತು. ಎಲ್ಲ ಸರಿಯಾಗಿದೆ ಅನ್ನಿಸಿತು. ನಾನು ನಾಲಿಗೆ ಕಚ್ಚಿಕೊಂಡು ಬಿಳಿ ತುಂಬಿದೆ, ಹೊಟ್ಟೆ, ಕಾಲು, ಕತ್ತು, ತಲೆ. ಒಂದು ಕಡೆಯೂ ಗೆರೆ ದಾಟಲಿಲ್ಲ.

ಅಕ್ಕ ಲಾರಿಗೆ ಕಟ್ಟಲು ಮಾವಿನೆಲೆ ಪೋಣಿಸುತ್ತಾ ಆ ಕಡೆ ಕೂತಿದ್ದಳು. ಎಲೆ ಮುಗಿಸಿ ಈ ಕಡೆ ಬಂದವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏನೇ ಇದು, ನಿನ್ನ ಕುದುರೆ ಹಿಂದಿನ ಟೈರು ಮೂಸೋಕೆ ಹೊರಟಿದೆ?”

ನಾನು ಡ್ರಮ್ಮಿನಿಂದ ಇಳಿದು ಹಿಂದೆ ಸರಿದು ನೋಡಿದೆ. ಲಾರಿಯ ಮೂತಿ ನನ್ನ ಬಲಕ್ಕೆ, ಗೇಟಿನ ಕಡೆಗೆ. ಕುದುರೆಯ ಮೂತಿ ಎಡಕ್ಕೆ, ಶೆಡ್ಡಿನ ಕತ್ತಲೆಯ ಕಡೆಗೆ. ಕಣ್ಣಿಲ್ಲದ, ಬಾಲವಿಲ್ಲದ ಬಿಳಿಯ ಮೈ ಹಿಂದಕ್ಕೆ ಹಾರುತ್ತಿತ್ತು. ಅಷ್ಟು ಹೊತ್ತು ಅದರ ಹೊಟ್ಟೆಗೆ ಬ್ರಷ್ಷು ಆಡಿಸಿದವಳು ನಾನೇ, ಆದರೂ ಇನ್ನೆರಡು ಹೆಜ್ಜೆ ಹಿಂದೆ ಸರಿದೆ. ಮೇಲಿನ ಟಾರ್ಪಾಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಅದರ ನೆರಳು ಆಡಿದಾಗಲೆಲ್ಲ ಕುದುರೆಯ ಕಾಲೂ ಆಡಿದಂತೆ ಕಂಡಿತು.

ನನಗೆ ಕಂಡದ್ದು ಘಾಟಿಯ ತಿರುವು. ಯಜಮಾನರು ಕುಂಟುವ ಕಾಲಿನಿಂದ ಗಾಡಿ ಓಡಿಸುತ್ತಿದ್ದಾರೆ, ಎಡಗಡೆಯ ಕುದುರೆ ಮುಂದಕ್ಕೆ ಎಳೆಯುತ್ತಿದೆ, ನನ್ನ ಕುದುರೆ ಹಿಂದಕ್ಕೆ ಎಳೆಯುತ್ತಿದೆ, ಲಾರಿ ನಿಂತಲ್ಲೇ ಗರ್ರನೆ ತಿರುಗುತ್ತಿದೆ. ಕೆಳಗೆ ಪ್ರಪಾತ.

“ಅಪ್ಪ ಬರೋದ್ರೊಳಗೆ ಒರೆಸ್ಬಿಡು. ಪೇಂಟ್ ಇನ್ನೂ ಹಸಿ ಇದೆ” ಎಂದಳು ಅಕ್ಕ. ಅವಳ ದನಿಯಲ್ಲಿ ಈಗ ಕೀಟಲೆ ಇರಲಿಲ್ಲ.

ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕುದುರೆಯ ತಲೆಗೆ ಒತ್ತಿ, ಮೂತಿಯ ಆಚೆಗೆ ಜೋರಾಗಿ ಎಳೆದೆ. ತಲೆ ಹೋಗಲಿಲ್ಲ, ಹರಡಿತು. ಉದ್ದನೆಯ ಬಿಳಿ ಗೀರುಗಳಾಗಿ ಖಾಲಿ ಬಿಟ್ಟಿದ್ದ ಜಾಗದ ತುಂಬ ಹರಿಯಿತು. ಇನ್ನೊಮ್ಮೆ ಎಳೆದೆ. ಇನ್ನಷ್ಟು ಗೀರು. ಈಗ ಅಲ್ಲಿದ್ದದ್ದು ತಲೆಯೂ ಇಲ್ಲದ ಕುದುರೆ. ಆಗ ಮಾಡಿದ ಇನ್ನೊಂದು ಕೆಲಸ ಹೇಳಲು ಇವತ್ತಿಗೂ ನಾಚಿಕೆ. ನಾನು ಬ್ರಷ್ಷನ್ನು ಲಗುಬಗೆಯಿಂದ ತೊಳೆದು, ಏನೂ ಮಾಡಿಯೇ ಇಲ್ಲ ಎಂಬಂತೆ, ಪೂಜೆಯ ಹಲಗೆಯ ಮೇಲೆ ಉಳಿದ ಬ್ರಷ್ಷುಗಳ ನಡುವೆ ಇಟ್ಟುಬಿಟ್ಟೆ. ಹಿಂದೆಯೇ ಮುದುಕರಾದ ಬಡಗಿ ತಾತ ಬಂದು ಎಲ್ಲ ಸಾಮಾನಿಗೂ ಕುಂಕುಮ ಇಡುತ್ತಾ ಹೋದರು. ನಾನಿಟ್ಟ ಬ್ರಷ್ಷಿಗೂ ಇಟ್ಟರು.

ಅಷ್ಟರಲ್ಲಿ ಗೇಟಿನ ಹತ್ತಿರ ಟಕ್ ಟಕ್ ಸದ್ದು.

ನಾನು ಲಾರಿಯ ಅಡಿಗೆ ನುಸುಳಿ ಹಿಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಕೂತೆ. ಹೊಸ ರಬ್ಬರಿನ ವಾಸನೆ, ಗ್ರೀಸಿನ ವಾಸನೆ. ಯಜಮಾನರ ಧೋತರದ ಅಂಚು, ಮಣ್ಣಾದ ಚಪ್ಪಲಿ ಮಾತ್ರ ಕಾಣುತ್ತಿತ್ತು. ಚಪ್ಪಲಿಗಳು ಎಡಗಡೆಯ ಕುದುರೆಯ ಎದುರು ನಿಂತವು. “ಭಾಳ ಚಂದ ಆಗೇತಿ” ಎಂದಿತು ದೊಡ್ಡ ದನಿ. ಆಮೇಲೆ ಚಪ್ಪಲಿಗಳು ಲಾರಿಯ ಮುಂಭಾಗವನ್ನು ಸುತ್ತಿಕೊಂಡು ಈ ಕಡೆಗೆ ತಿರುಗಿದವು. ಒಂದು ಹೆಜ್ಜೆ ಸರಿಯಾಗಿ, ಒಂದು ಹೆಜ್ಜೆ ಎಳೆದುಕೊಂಡು. ನನ್ನ ಪಕ್ಕದಲ್ಲೇ ಬಂದು ನಿಂತವು.

ಸೈಕಲ್ಲಿನ ಸ್ಟ್ಯಾಂಡು ಹಾಕಿದ ಸದ್ದು ಕೇಳಿತು. ಅಪ್ಪ ಬಂದರು.

“ಪೇಂಟರ್ರ, ಇದೇನ್ರೀ? ಒಮ್ಮೆ ಘಾಟಿನ್ಯಾಗ ಬಿದ್ದದ್ದು ಸಾಲಲಿಲ್ಲೇನು ನನಗ?” ಯಜಮಾನರ ದನಿ ದೊಡ್ಡದಾಗಿರಲಿಲ್ಲ. ನಡುಗುತ್ತಿತ್ತು. ಅವರಿಗೂ ಹೆದರಿಕೆಯಾಗಿದೆ ಎಂದು ಗೊತ್ತಾದ ಮೇಲೆ ನನಗೆ ಅಡಗಿ ಕೂರಲಾಗಲಿಲ್ಲ. ಚಕ್ರದ ಸಂದಿಯಿಂದ ತೆವಳಿಕೊಂಡು ಹೊರಗೆ ಬಂದೆ. ಫ್ರಾಕು, ಮುಖ ಎಲ್ಲ ಗ್ರೀಸು.

“ಅಪ್ಪ, ನಾನು ಹಾಳೆ ಮಗುಚ್ಲಿಲ್ಲ. ಮಸಿ ಅಂಟುತ್ತೆ ಅಂತ” ಎಂದೆ. ಮುಂದಕ್ಕೆ ಅಳು ಬಂತು.

ಅಪ್ಪ ನನ್ನನ್ನು ನೋಡಲಿಲ್ಲ, ಹಲಗೆಯನ್ನು ನೋಡಿದರು. ಕಂಕುಳಲ್ಲಿದ್ದ ಕುಂಬಳಕಾಯಿಯನ್ನು ನಿಧಾನವಾಗಿ ನೆಲಕ್ಕಿಟ್ಟರು. ಕೈ ತಾನಾಗಿ ಬ್ರಷ್ಷುಗಳ ಕಡೆ ಹೋಯಿತು, ಕುಂಕುಮ ಕಂಡು ಹಿಂದಕ್ಕೆ ಬಂತು.

“ಇನ್ನೇನು ಮಾಡೋಕಾಗಲ್ಲಪ್ಪ, ಕುಂಕುಮ ಬಿತ್ತು” ಎಂದರು ಬಡಗಿ ತಾತ. “ನಾಳೆ ಬಂದು ತಗೊಂಡೋಗ್ಲಿ ಬಿಡು.”

“ಇವತ್ತ ಹೊರಡಬೇಕ್ರೀ ನಾ. ಇಲ್ಲಾಂದ್ರ ಈ ಗಾಡಿ ಮುಟ್ಟಾಕ ನನಗ ಧೈರ್ಯ ಬರೂದಿಲ್ಲ” ಎಂದರು ಯಜಮಾನರು.

ಅಪ್ಪ ಮೂರು ಹೆಜ್ಜೆ ಹಿಂದೆ ಹೋದರು, ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ನನ್ನ ಕೈಯಿಂದ ಜಾರುತ್ತಿದ್ದ ಬಟ್ಟೆಯನ್ನು ನನ್ನ ಮುಷ್ಟಿಗೇ ತುರುಕಿ, “ಹೆಂಗೆ ಒರೆಸ್ದೆ? ತೋರ್ಸು” ಎಂದರು.

ಬೈಗುಳಕ್ಕೆ ಕಾಯುತ್ತಿದ್ದ ನನಗೆ ಅರ್ಥವಾಗಲಿಲ್ಲ. ಡ್ರಮ್ಮು ಹತ್ತಿ, ಒಮ್ಮೆ ಮೆಲ್ಲಗೆ ಎಳೆದು ತೋರಿಸಿದೆ.

“ಹಂಗಲ್ಲ. ಆಗ ಭಯ ಇತ್ತಲ್ಲ, ಹಂಗೇ ಎಳಿ. ಇನ್ನೂ ಉದ್ದ.”

ಎಳೆದೆ. ಭಯಕ್ಕೇನೂ ಕಡಿಮೆ ಇರಲಿಲ್ಲ. ಹಲಗೆಯ ಹಿಂದಿನ ತುದಿಯವರೆಗೂ ಬಿಳಿ ಗೀರುಗಳು ಹಾರಿದವು. “ಸಾಕು, ಇಳಿ” ಎಂದ ಅಪ್ಪ, ತಾವು ಇನ್ನೊಂದು ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಬಿಳಿ ಬಣ್ಣದಲ್ಲಿ ಅದ್ದಿದರು. ಬ್ರಷ್ಷಿಲ್ಲ, ಹಾಳೆಯಿಲ್ಲ, ಚುಕ್ಕಿಯಿಲ್ಲ. ಕುದುರೆಯ ಹಿಂಭಾಗ ಇದ್ದಲ್ಲಿ ಎದೆ ಉಬ್ಬಿತು. ಅಲ್ಲಿಂದ ಕತ್ತು ಎದ್ದಿತು. ನಾಲ್ಕೂ ಕಾಲು ಮೊದಲೇ ಎರಡು ಕಡೆಗೂ ಚಾಚಿಕೊಂಡಿದ್ದವು. ನೀಲಿಯಲ್ಲಿ ಅದ್ದಿದ ಹೆಬ್ಬೆರಳಿನಿಂದ ಮೊಣಕಾಲುಗಳನ್ನು ಸ್ವಲ್ಪ ಕೆತ್ತಿದಂತೆ ತಿದ್ದಿದರು, ಹಿಂಗಾಲು ಮುಂಗಾಲಾಯಿತು, ಮುಂಗಾಲು ಹಿಂಗಾಲಾಯಿತು. ನಾನು ಅಳಿಸಿದ್ದ ತಲೆಯ ಗೀರುಗಳನ್ನು ಅವರು ಮುಟ್ಟಲೇ ಇಲ್ಲ. ಅದು ಬಾಲ.

ಆದರೆ ತಲೆಗೆ ಜಾಗ ಇರಲಿಲ್ಲ. ನಾನು ಖಾಲಿ ಬಿಟ್ಟಿದ್ದ ಮೊಳವೆಲ್ಲ ಹಿಂದೆ, ಬಾಲದ ಕಡೆಗೆ ಹೋಗಿತ್ತು. ಮುಂದೆ ಒಂದು ಗೇಣು, ಆಮೇಲೆ ಹಲಗೆಯ ಸುತ್ತ ಅಪ್ಪನೇ ಎಳೆದಿದ್ದ ಕೆಂಪು ಪಟ್ಟಿ. ಆ ಪಟ್ಟಿಯನ್ನು ದಾಟಿ ಏನನ್ನೂ ಬರೆಯಕೂಡದು ಎಂದು ನನಗೆ ಹೇಳಿಕೊಟ್ಟವರೂ ಅಪ್ಪನೇ. ಅವರ ಕೈ ಅಲ್ಲಿ ಒಂದು ಚಣ ನಿಂತಿತು. ಅಕ್ಕ ನನ್ನ ಕೈಯನ್ನು ಹಿಸುಕಿ ಹಿಡಿದಳು. ಆಮೇಲೆ ಬೆರಳು ಕೆಂಪು ಪಟ್ಟಿಯ ಮೇಲೆ ಹಾಯ್ದು ಆಚೆಗೆ ಹೋಯಿತು. ಕುದುರೆಯ ಮೂತಿ, ಒಂದು ಮುಂಗಾಲಿನ ಗೊರಸು, ಎರಡೂ ಚೌಕಟ್ಟಿನಿಂದ ಹೊರಗೆ ಬಂದವು. ಬೆಂಕಿಕಡ್ಡಿಯನ್ನು ಕಪ್ಪಿಗೆ ಅದ್ದಿ ಅಪ್ಪ ಕಣ್ಣಿಟ್ಟರು.

ನಾನು ಹಿಂದಕ್ಕೆ ಜಿಗಿದೆ. ಬೇಕೆಂದೇ ಜಿಗಿದದ್ದಲ್ಲ. ಕುದುರೆ ಹಲಗೆಯಿಂದ ಈಚೆಗೆ ಬರುತ್ತಿದೆ ಎಂದು ನಿಜವಾಗಿಯೂ ಅನ್ನಿಸಿತು.

ಯಜಮಾನರು ಹಲಗೆಯ ಹತ್ತಿರ ಬಂದರು. ಬಾಲದ ಹತ್ತಿರ ಬೆರಳು ಒಯ್ದು, ಹಸಿ ಬಣ್ಣವೆಂದು ನೆನಪಾಗಿ ತಡೆದರು.

“ಕುದುರಿ ಗೆರಿ ದಾಟೇತಲ್ರೀ.”

“ಹೌದು ಸಾರ್” ಎಂದರು ಅಪ್ಪ. “ಆ ಕಡೇದು ಮನೆಯಿಂದ ಹೊರಟಿರೋ ಕುದುರೆ. ಮುಂದೆ ದಾರಿ ಇದೆ. ಇದು ಮನೆಗೆ ವಾಪಸ್ ಬಂದಿರೋದು. ಬಾಗಿಲಲ್ಲಿ ಕಾಲಿಟ್ಟಿದೆ.”

ಯಜಮಾನರು ತಲೆಯಾಡಿಸಿದರು. ಒಂದು ಸಲ ಹಣೆಯ ವಿಭೂತಿ ಮುಟ್ಟಿಕೊಂಡರು. ನನ್ನ ಕಡೆ ತಿರುಗಿ, “ಈ ಬಾಲ ನೀ ಬರದದ್ದೇನವ್ವಾ? ಆ ಕಡಿ ಕುದುರಿಗಿಂತ ಇದು ಜೋರ ಓಡಾಕತ್ತೇತಿ ನೋಡು” ಎಂದರು. ನಾನು ಅಕ್ಕನ ಲಂಗದ ಹಿಂದೆ ಮುಖ ಮುಚ್ಚಿಕೊಂಡೆ. ಕುಂಬಳಕಾಯಿ ಒಡೆದರು, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಬಣ್ಣ ಆರುವವರೆಗೆ ಹುಷಾರಾಗಿ ಹೋಗಿ ಎಂದು ಅಪ್ಪ ಹೇಳಿದರು. ಲಾರಿ ನಿಂಬೆಹಣ್ಣುಗಳನ್ನು ಹಿಸುಕಿಕೊಂಡು ಗೇಟು ದಾಟಿ ಹೋಯಿತು.

ಅದು ಹೋದ ಮೇಲೆ ಅಪ್ಪ ಡ್ರಮ್ಮಿನ ಮೇಲೆ ಕೂತರು. ನೀರು ಕೇಳಿದರು. ನಾನು ಲೋಟ ಕೊಟ್ಟಾಗ ಅರ್ಧ ನೀರನ್ನು ಅಂಗಿಯ ಮೇಲೇ ಚೆಲ್ಲಿಕೊಂಡರು. ಅಷ್ಟು ಹೊತ್ತು ಅಪ್ಪನೂ ಹೆದರಿದ್ದರೆಂದು ನನಗೆ ಗೊತ್ತಾದದ್ದು ಆಗ. ಬೈಯಲಿಲ್ಲ. ಹಾಳೆಯನ್ನು ತಂದು, ಕೊಡವಿ, ಒರೆಸಿ, ಹೇಗೆ ಮಗುಚಬೇಕೆಂದು ತೋರಿಸಿ, ನನ್ನ ಕೈಯಿಂದ ಹತ್ತು ಸಲ ಮಗುಚಿಸಿದರು. “ಇನ್ಮೇಲೆ ತಪ್ಪಾದ್ರೆ ನನಗೆ ಹೇಳು. ಬ್ರಷ್ ತೊಳೆದು ಬಚ್ಚಿಡ್ಬೇಡ” ಎಂದರು. ಅಷ್ಟೇ.

ನನ್ನ ಹೆದರಿಕೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಅಪ್ಪ ತಿದ್ದಿದ್ದರೂ ಆ ಕುದುರೆ ಹುಟ್ಟುವಾಗ ಹಿಂದಕ್ಕೆ ಓಡಿತ್ತಲ್ಲ, ಅದನ್ನು ಅದು ಮರೆತಿದೆಯೋ ಇಲ್ಲವೋ ಎಂದು ರಾತ್ರಿ ಹಾಸಿಗೆಯಲ್ಲಿ ಯೋಚಿಸುತ್ತಿದ್ದೆ. ಶಾಲೆ ಶುರುವಾದ ಮೇಲೂ ದಿನಾ ಸಂಜೆ, “ಹಾವೇರಿ ಲಾರಿ ಬಂತಾ ಅಪ್ಪ?” ಎಂದು ಕೇಳುತ್ತಿದ್ದೆ. ದೀಪಾವಳಿ ಕಳೆಯಿತು. ಒಂದು ಭಾನುವಾರ ಅಪ್ಪನಿಗೆ ಊಟ ಕೊಡಲು ಅಕ್ಕನ ಜೊತೆ ಮಾಗಡಿ ರಸ್ತೆಯಲ್ಲಿ ನಡೆಯುತ್ತಿದ್ದಾಗ ಹಿಂದಿನಿಂದ ಹಾರನ್ ಕೇಳಿಸಿತು. ತಿರುಗಿದೆವು. ಮೈತುಂಬ ಕೆಮ್ಮಣ್ಣು, ಬಾನೆಟ್ಟಿನ ಮೇಲೆ ಒಣಗಿದ ಹೂವಿನ ಹಾರ. ಲಾರಿ ನಮ್ಮನ್ನು ದಾಟಿ ಶೆಡ್ಡಿನ ಗೇಟಿಗೆ ತಿರುಗುವಾಗ ಬಲಗಡೆಯ ಹಲಗೆ ಕಾಣಿಸಿತು. ಕೆಸರಿನಲ್ಲಿ ಕುದುರೆಯ ಹೊಟ್ಟೆ ಮುಚ್ಚಿಹೋಗಿತ್ತು. ಗೆರೆ ದಾಟಿದ ಮೂತಿ, ನನ್ನ ಬಾಲ, ಎರಡೂ ಬೆಳ್ಳಗೆ ಹಾರುತ್ತಿದ್ದವು. ಕಿಟಕಿಯಿಂದ ಒಂದು ಕೈ ಹೊರಗೆ ಬಂದು ನಮ್ಮ ಕಡೆ ಬೀಸಿತು. ನಾನು ರಸ್ತೆಯ ಬದಿಯಲ್ಲೇ ಕೂತು ಅತ್ತೆ. ಊಟದ ಡಬ್ಬಿ ಉರುಳಿಸಿದ್ದಕ್ಕೆ ಅಕ್ಕ ಬೈದಳು.

ಈಗ ಅಲ್ಲಿ ಶೆಡ್ಡು ಇಲ್ಲ, ಅಂಗಡಿಗಳಿವೆ. ಅತ್ತ ಕಡೆ ಮೆಟ್ರೋ ಓಡುತ್ತದೆ. ಲಾರಿಗಳ ಕುದುರೆಗಳು ಯಂತ್ರದಿಂದ ಅಚ್ಚಾಗಿ ಬರುವ ಸ್ಟಿಕ್ಕರುಗಳು. ನಾಗರಬಾವಿಯ ನಿಮ್ಮ ಮನೆಯಲ್ಲಿ ನೀವು ಮೊಮ್ಮಕ್ಕಳು ಟ್ಯಾಬಿನ ಮೇಲೆ ಬೆರಳಾಡಿಸಿ ಚಿತ್ರ ಬರೆಯುವಾಗ ನಾನು ಹಿಂದೆ ಕೂತು ನೋಡುತ್ತಿರುತ್ತೇನೆ. ಒಂದು ಗುಂಡಿ ಒತ್ತಿದರೆ ಕುದುರೆ ಆ ಕಡೆ ತಿರುಗುತ್ತದೆ, ಇನ್ನೊಂದು ಗುಂಡಿ ಒತ್ತಿದರೆ ತಪ್ಪು ಮಾಡಿಯೇ ಇಲ್ಲವೆಂಬಂತೆ ಎಲ್ಲ ಮಾಯ. ಕೈಗೆ ಮಸಿಯಿಲ್ಲ, ಯಾರ ಚಪ್ಪಲಿಯ ಸದ್ದೂ ಇಲ್ಲ. ನಿಮಗೆ ಅಂಥ ಹೆದರಿಕೆ ಇಲ್ಲದ್ದು ಒಳ್ಳೆಯದೇ. ಆದರೆ ಆ ಗುಂಡಿ ನನಗೆ ಅವತ್ತು ಸಿಕ್ಕಿದ್ದರೆ ಆ ಬಾಲ ಹುಟ್ಟುತ್ತಿರಲಿಲ್ಲ.

ಮೊನ್ನೆ ನಾವು ಆಟೋದಲ್ಲಿ ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿದ್ದೆವಲ್ಲ, ಆಗ ನೀನೇ ಮೊದಲು ನೋಡಿದ್ದು. “ಅಜ್ಜಿ, ಆ ಲಾರಿ ಕುದುರೆ ರಿವರ್ಸ್ ಹೋಗ್ತಿದೆ” ಎಂದು ನಕ್ಕೆ. ಯಾರೋ ಎರಡು ಕಡೆಗೂ ಒಂದೇ ಸ್ಟಿಕ್ಕರು ಅಂಟಿಸಿದ್ದರು. ನಾನು ನಗಲಿಲ್ಲ. ಹಸಿರು ದೀಪ ಬಂದು, ಆ ಲಾರಿ ತಿರುವು ದಾಟಿ, ಅದರ ಹಿಂದಿನ ಕೆಂಪು ದೀಪ ಕಣ್ಮರೆಯಾಗುವವರೆಗೂ ನಿನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದೆ. ಯಾಕಜ್ಜಿ, ಕೈ ನೋಯ್ತಿದೆ ಬಿಡು ಎಂದು ನೀನು ಕೇಳಿದೆ. ಇದಕ್ಕೇ ಮಗು.